ಕೆಟ್ಟ ಡ್ರೋನಿಗೆ ಬದಲಿ ಯಂತ್ರ ಬಂದಾಗ



ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತೇವೆ. ಆದರೆ ಲಕ್ಷಗಟ್ಟಲೆ ಬೆಲೆಯ ಸಿಂಪರಣಾ ಡ್ರೋನ್ ಕೆಟ್ಟು, ಅದರ ಬದಲಿಗೆ ಬೇರೊಂದು ಬಂದಾಗ, ಪೆಟ್ಟಿಗೆ ಬಂತಲ್ಲ ಎಂಬ ಸಮಾಧಾನದಲ್ಲಿ ತೋರಿಸಿದ ಕಡೆ ಸಹಿ ಮಾಡಿಬಿಡುವವರು ಬಹಳ. ಬಂದದ್ದು ಹೊಸದೋ, ಮತ್ತೊಬ್ಬರು ಬಳಸಿ ಹಿಂತಿರುಗಿಸಿದ್ದನ್ನು ಸರಿಪಡಿಸಿದ್ದೋ ಎಂದು ಕೇಳುವವರು ಕಡಿಮೆ. ಈ ಪಾಠದ ವಿಷಯ ಅದೇ.

ಇದು ಈಗ ನಮ್ಮ ಹಳ್ಳಿಗಳಿಗೂ ಸಂಬಂಧಿಸಿದ ಮಾತು. ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ‘ನಮೋ ಡ್ರೋನ್ ದೀದಿ’ ಯೋಜನೆಗೆ ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಮಂಜೂರಾತಿ ನೀಡಿತು. 15,000 ಸಂಘಗಳಿಗೆ, ಬೆಲೆಯ ನೂರಕ್ಕೆ 80 ಭಾಗದಂತೆ ಹೆಚ್ಚೆಂದರೆ 8 ಲಕ್ಷ ರೂಪಾಯಿ ಸಹಾಯಧನ ಎಂದು ಗೊತ್ತುಪಡಿಸಲಾಯಿತು. ಉಳಿದ ಹಣಕ್ಕೆ ಸಂಘವು ಸಾಲ ಪಡೆಯಬಹುದು. ಯಂತ್ರ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ತೊಗರಿ ಹೂವು ಬಿಟ್ಟು ಕಾಯಿ ಕಟ್ಟುವಾಗ ಕಾಯಿಕೊರಕ ಬಿದ್ದರೆ, ಹುಳು ನಮ್ಮ ರಿಪೇರಿ ಮುಗಿಯುವವರೆಗೆ ಕಾಯುವುದೂ ಇಲ್ಲ.

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ದಿನಕ್ಕೆ 10 ಎಕರೆ, ಎಕರೆಗೆ 400 ರೂಪಾಯಿ ಬಾಡಿಗೆ. ಹಂಗಾಮಿನಲ್ಲಿ 20 ದಿನ ಯಂತ್ರ ನಿಂತರೆ 80,000 ರೂಪಾಯಿ ಕೈತಪ್ಪಿತು. ಆದುದರಿಂದ ಬೇಗ ಬದಲಿ ಯಂತ್ರ ಸಿಗುವುದು ಒಳ್ಳೆಯದೇ. ಕಣ್ಣು ಮುಚ್ಚಿಕೊಂಡು ಅದನ್ನು ಪಡೆಯುವುದು ಮಾತ್ರ ಒಳ್ಳೆಯದಲ್ಲ.

ವಾರಂಟಿ, ವಿಮೆ, ನಿರ್ವಹಣೆ: ಮೂರೂ ಬೇರೆ

ಈ ಮೂರನ್ನು ಒಂದೇ ಎಂದು ತಿಳಿಯಕೂಡದು. ತಯಾರಿಕೆಯ ದೋಷದಿಂದ ಮೋಟಾರು ಸುಟ್ಟರೆ ಅದು ವಾರಂಟಿಯ ಬಾಬತ್ತು. ಮರಕ್ಕೋ ವಿದ್ಯುತ್ ತಂತಿಗೋ ತಗುಲಿ ಬಿದ್ದರೆ ಅದು ವಿಮೆಯ ಬಾಬತ್ತು. ಕಾಲಕಾಲಕ್ಕೆ ಶುಚಿಮಾಡಿ, ತಪಾಸಣೆ ಮಾಡಿ ಕೊಡುವುದು ನಿರ್ವಹಣಾ ಕರಾರಿನ ಬಾಬತ್ತು. ಮೇಲೆ ಹೇಳಿದ ಯೋಜನೆಯಲ್ಲಿ ಒಂದು ವರ್ಷದ ಸ್ಥಳದಲ್ಲೇ ಸೇವೆಯ ವಾರಂಟಿ, ಒಂದು ವರ್ಷದ ಸಮಗ್ರ ವಿಮೆ, ಎರಡು ವರ್ಷದ ನಿರ್ವಹಣಾ ಕರಾರು, ಮೂರೂ ಸೇರಿವೆ. ಅಂದರೆ ಮೊದಲ ವರ್ಷ ಯಂತ್ರ ಕೆಟ್ಟಾಗ, ಅದನ್ನು ಹೊತ್ತುಕೊಂಡು ಪಟ್ಟಣಕ್ಕೆ ಓಡುವ ಮೊದಲು, ಸ್ಥಳಕ್ಕೇ ಬಂದು ನೋಡುವಂತೆ ಕೇಳುವ ಹಕ್ಕು ಸಂಘಕ್ಕೆ ಉಂಟು. ಸ್ವಂತ ಹಣದಿಂದ ಕೊಂಡವರು ತಮ್ಮ ವಾರಂಟಿ ಕಾಗದದಲ್ಲಿ ಏನಿದೆ ಎಂದು ಓದಿಸಿಕೊಂಡು ತಿಳಿಯಬೇಕು. ಬ್ಯಾಟರಿಗೆ ಬೇರೆ ಅವಧಿಯೋ ಎಂಬುದನ್ನು ವಿಶೇಷವಾಗಿ ನೋಡಿರಿ.

ಕೆಟ್ಟ ದಿನವೇ ಮಾಡತಕ್ಕ ಕೆಲಸ

ಯಂತ್ರ ಬಿದ್ದಿದ್ದರೆ ಮೊದಲು ಬ್ಯಾಟರಿ ಬಿಡಿಸಿ ದೂರವಿಡಿ. ಬಿದ್ದ ಜಾಗದಲ್ಲೇ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಯಂತ್ರದ, ರಿಮೋಟಿನ ಹಾಗೂ ಬ್ಯಾಟರಿಗಳ ಸೀರಿಯಲ್ ನಂಬರು ಕಾಣುವಂತೆ ಪ್ರತ್ಯೇಕ ಫೋಟೋ ಇರಲಿ. ಹಾರಾಟದ ವಿವರ ಯಂತ್ರದೊಳಗೇ ದಾಖಲಾಗಿರುತ್ತದೆ. ದೋಷ ಮೋಟಾರಿನದೋ, ನಡೆಸಿದವರದೋ ಎಂದು ಹೇಳುವ ಸಾಕ್ಷಿ ಅದೇ. ಆದ್ದರಿಂದ ಅದನ್ನು ಅಳಿಸಬಾರದು, ಸಾಧ್ಯವಿದ್ದರೆ ಒಂದು ನಕಲು ಇಟ್ಟುಕೊಳ್ಳಬೇಕು. ಪಂಪ್‌ಸೆಟ್ ಬಿಚ್ಚಿದಂತೆ ಊರ ಮೆಕ್ಯಾನಿಕ್ಕಿನಿಂದ ಇದನ್ನು ಬಿಚ್ಚಿಸಬೇಡಿರಿ. ಬಿಚ್ಚಿದ ಗುರುತು ಕಂಡರೆ ವಾರಂಟಿಯೇ ಇಲ್ಲವೆನ್ನಲು ಕಾರಣ ಸಿಕ್ಕಂತಾಗುತ್ತದೆ.

ಫೋನಿನಲ್ಲಿ ಹೇಳಿದರೆ ಸಾಲದು. ಸಂದೇಶದಲ್ಲಿಯಾಗಲಿ ಪತ್ರದಲ್ಲಿಯಾಗಲಿ ಬರೆದು ತಿಳಿಸಿ, ದೂರಿನ ನಂಬರು ಪಡೆಯಿರಿ. ಅಪಘಾತವಾಗಿದ್ದರೆ ವಿಮಾ ಕಂಪನಿಗೂ ಕೂಡಲೇ ತಿಳಿಸಿರಿ.

ಕಳುಹಿಸುವ ಮುನ್ನ

ಟ್ಯಾಂಕು, ಕೊಳವೆ, ನಾಜಲುಗಳನ್ನು ಶುದ್ಧ ನೀರಿನಿಂದ ಮೂರು ಸಲ ತೊಳೆದು ಒಣಗಿಸಿರಿ. ನಿಮ್ಮ ಯಂತ್ರವನ್ನು ಬಿಚ್ಚುವ ಕೆಲಸಗಾರನ ಕೈಗೆ ಕೀಟನಾಶಕ ತಗುಲಬಾರದು. ಉಬ್ಬಿದ ಅಥವಾ ಏಟು ತಿಂದ ಬ್ಯಾಟರಿ ಬೆಂಕಿ ಹತ್ತಿಕೊಳ್ಳುವ ವಸ್ತು. ಅದನ್ನು ಪೆಟ್ಟಿಗೆಯೊಳಗೆ ಸೇರಿಸಿ ಸುಮ್ಮನೆ ಪಾರ್ಸಲ್ ಮಾಡಕೂಡದು. ಹೇಗೆ ಒಪ್ಪಿಸಬೇಕೆಂದು ಕಂಪನಿಯವರನ್ನೇ ಕೇಳಿ, ಅವರು ಹೇಳಿದಂತೆ ಮಾಡಿರಿ. ಪೆಟ್ಟಿಗೆಯಲ್ಲಿ ಏನೇನು ಇಟ್ಟಿದ್ದೀರಿ ಎಂಬ ಪಟ್ಟಿ ಎರಡು ಪ್ರತಿ ಬರೆದು, ಒಂದನ್ನು ಪೆಟ್ಟಿಗೆಯಲ್ಲಿಟ್ಟು, ಇನ್ನೊಂದಕ್ಕೆ ಒಯ್ಯುವವನ ಸಹಿ ಪಡೆಯಿರಿ.

‘ರಿಫರ್ಬಿಶ್ಡ್’ ಎಂದರೇನು?

ಒಬ್ಬರು ಬಳಸಿ ಹಿಂತಿರುಗಿಸಿದ ಯಂತ್ರವನ್ನು ಕಂಪನಿಯವರು ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಪರೀಕ್ಷೆ ಮಾಡಿ ಮತ್ತೆ ಕೊಟ್ಟರೆ ಅದನ್ನು ‘ರಿಫರ್ಬಿಶ್ಡ್’ ಎನ್ನುತ್ತಾರೆ. ಕೆಟ್ಟ ಯಂತ್ರವನ್ನು ವಾರಗಟ್ಟಲೆ ರಿಪೇರಿ ಮಾಡುವುದಕ್ಕಿಂತ ಇಂಥದೊಂದನ್ನು ಕೊಟ್ಟು ಕಳುಹಿಸುವುದು ಅವರಿಗೆ ಸುಲಭ. ಹಲವು ವಾರಂಟಿ ಕಾಗದಗಳಲ್ಲಿ ಹೀಗೆ ಕೊಡಬಹುದೆಂಬ ಮಾತು ಸಣ್ಣ ಅಕ್ಷರದಲ್ಲಿ ಇರುತ್ತದೆ. ಸರಿಯಾಗಿ ದುರಸ್ತಿಯಾಗಿದ್ದರೆ ಅದರಿಂದ ಕೆಲಸಕ್ಕೆ ತೊಂದರೆಯಿಲ್ಲ, ಸಮಯವೂ ಉಳಿಯುತ್ತದೆ.

ಆದರೆ ಸರಿಪಡಿಸಿದ ಹಳೆಯದನ್ನು ಹೊಸದೆಂದು ಹೇಳಿ ಕೊಡುವುದು ಬೇರೆ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅದನ್ನು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದೆಂದು ಎಣಿಸಿದೆ. ಆದುದರಿಂದ ನೀವು ಕೇಳತಕ್ಕ ಮೊದಲ ಪ್ರಶ್ನೆ ಇದು: “ಇದು ಹೊಸದೋ, ಸರಿಪಡಿಸಿದ್ದೋ? ಬರೆದು ಕೊಡಿ.”

ಸಹಿ ಮಾಡುವ ಮುನ್ನ

1. ಪೆಟ್ಟಿಗೆ ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ವಿಡಿಯೋ ಮಾಡಿರಿ. ಹೊರಪೆಟ್ಟಿಗೆ ಜಜ್ಜಿದ್ದರೆ ಅದನ್ನು ರಸೀತಿಯ ಮೇಲೆ ಬರೆದೇ ಸಹಿ ಹಾಕಿರಿ.

2. ಯಂತ್ರದ ಮೇಲಿನ ಸೀರಿಯಲ್ ನಂಬರೂ ಕಾಗದದ ಮೇಲಿನ ನಂಬರೂ ಒಂದೇ ಆಗಿವೆಯೇ ನೋಡಿರಿ.

3. ತೋಳುಗಳ ಮಡಿಕೆ, ಸ್ಕ್ರೂ, ರೆಕ್ಕೆಗಳ ಅಂಚು, ಟ್ಯಾಂಕಿನ ತಳ, ಇವುಗಳಲ್ಲಿ ಬಿರುಕು ಅಥವಾ ತುಕ್ಕು ಉಂಟೇ ಎಂದು ಬೆಳಕಿನಲ್ಲಿ ಪರೀಕ್ಷಿಸಿರಿ.

4. ಯಂತ್ರ ಇದುವರೆಗೆ ಎಷ್ಟು ಗಂಟೆ ಹಾರಿದೆ, ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗಿದೆ ಎಂದು ತೋರಿಸಲು ಹೇಳಿರಿ.

5. ಪ್ರತಿಯೊಂದು ನಾಜಲಿನ ಕೆಳಗೂ ಅಳತೆಯ ಪಾತ್ರೆ ಹಿಡಿದು ಒಂದು ನಿಮಿಷ ನೀರು ಬಿಡಿಸಿರಿ. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ ಬಂದರೆ ಹೊಲದಲ್ಲಿ ಔಷಧಿಯೂ ಹಾಗೆಯೇ ಬೀಳುತ್ತದೆ.

6. ವಾರಂಟಿ ಹಳೆಯ ಯಂತ್ರದಲ್ಲಿ ಉಳಿದಷ್ಟೇ ದಿನವೋ, ಹೊಸದಾಗಿ ಆರಂಭವೋ? ತಾರೀಖು ಸಹಿತ ಬರೆಸಿಕೊಳ್ಳಿರಿ.

7. ನೀವು ಕಳುಹಿಸಿದ ಪಟ್ಟಿಯ ಪ್ರಕಾರ ಚಾರ್ಜರ್, ಹೆಚ್ಚಿನ ಬ್ಯಾಟರಿ, ರೆಕ್ಕೆಗಳು ಎಲ್ಲವೂ ಹಿಂದೆ ಬಂದಿವೆಯೇ ಎಣಿಸಿರಿ.

ನಂಬರು ಬದಲಾದರೆ ನೋಂದಣಿಯೂ ಬದಲಾಗಬೇಕು

ಇದು ಬಹಳ ಜನ ಮರೆಯುವ ಸಂಗತಿ. 2021ರ ಡ್ರೋನ್ ನಿಯಮಗಳ ಪ್ರಕಾರ ಪ್ರತಿಯೊಂದು ಸಿಂಪರಣಾ ಡ್ರೋನಿಗೂ ಒಂದು ವಿಶಿಷ್ಟ ಗುರುತಿನ ನಂಬರು ಇರಬೇಕು. ಟ್ರ್ಯಾಕ್ಟರಿಗೆ ನಂಬರು ಪ್ಲೇಟು ಇದ್ದಂತೆ ಇದು. ಯಂತ್ರದ, ಅದರ ಹಾರಾಟ ನಿಯಂತ್ರಕದ ಹಾಗೂ ರಿಮೋಟಿನ ಸೀರಿಯಲ್ ನಂಬರುಗಳು ಈ ಗುರುತಿಗೆ ಜೋಡಿಸಲ್ಪಟ್ಟಿರುತ್ತವೆ. ರಿಪೇರಿಯಲ್ಲಿ ನಿಯಂತ್ರಕವನ್ನೋ ರಿಮೋಟನ್ನೋ ಬದಲಿಸಿದರೆ, ಹೊಸ ನಂಬರನ್ನು ಏಳು ದಿನದೊಳಗೆ ಸರ್ಕಾರದ ಆನ್‌ಲೈನ್ ನೋಂದಣಿಯಲ್ಲಿ ದಾಖಲಿಸಬೇಕು. ಇಡೀ ಯಂತ್ರವೇ ಬದಲಾದರೆ, ಬಂದ ಯಂತ್ರದ ನೋಂದಣಿ ನಿಮ್ಮ ಅಥವಾ ಸಂಘದ ಹೆಸರಿಗೆ ಆಗುವವರೆಗೆ ಅದನ್ನು ಹಾರಿಸಕೂಡದು. ಹಳೆಯ ಯಂತ್ರ ಕಂಪನಿಯಲ್ಲೇ ಉಳಿದರೆ, ಅದರ ನೋಂದಣಿ ನಿಮ್ಮ ಹೆಸರಿನಲ್ಲಿ ಉಳಿಯದಂತೆ ವರ್ಗ ಮಾಡಿಸಿರಿ. ನಾಳೆ ಆ ಯಂತ್ರ ಬೇರೆಲ್ಲೋ ಬಿದ್ದು ಯಾರಿಗಾದರೂ ಗಾಯವಾದರೆ, ದಾಖಲೆಯಲ್ಲಿ ಇರುವುದು ನಿಮ್ಮ ಹೆಸರು.

ಹಾಗೆಯೇ ವಿಮೆಯ ಕಾಗದದಲ್ಲಿ ಹಳೆಯ ನಂಬರು ಇದ್ದರೆ ಹೊಸ ಯಂತ್ರಕ್ಕೆ ಪರಿಹಾರ ಕೇಳುವುದು ಕಷ್ಟವಾಗುತ್ತದೆ. ಆದ್ದರಿಂದ ವಿಮಾ ಕಂಪನಿಗೂ, ಸಾಲ ಕೊಟ್ಟ ಬ್ಯಾಂಕಿಗೂ ಬದಲಿ ಯಂತ್ರದ ನಂಬರನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಇವೆಲ್ಲ ಮುಗಿದ ಮೇಲೆ, ಟ್ಯಾಂಕಿಗೆ ಬರೀ ನೀರು ತುಂಬಿ, ಜನ ದನ ಇಲ್ಲದ ಖಾಲಿ ಹೊಲದಲ್ಲಿ ಒಮ್ಮೆ ಹಾರಿಸಿ ನೋಡಿರಿ. ಔಷಧಿ ಹಾಕುವುದು ಆಮೇಲೆ.

ತಕರಾರು ಬಂದರೆ

ಮೊದಲು ಮಾರಾಟಗಾರನಿಗೂ ತಯಾರಕರಿಗೂ ದಾಖಲೆ ಸಹಿತ ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ನಂಬರಿಗೆ ಕರೆ ಮಾಡಿರಿ. ಅದೂ ಫಲಿಸದಿದ್ದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಕಂಪನಿ ಇರುವ ದೂರದ ಊರಿಗೆ ಹೋಗಬೇಕಾದ್ದಿಲ್ಲ. ತಕರಾರಿಗೆ ಕಾರಣ ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಿಸತಕ್ಕದ್ದು. ದೋಷ ಸಾಬೀತಾದರೆ ದುರಸ್ತಿ ಮಾಡಿಕೊಡಲು, ದೋಷವಿಲ್ಲದ ಹೊಸ ಯಂತ್ರ ಕೊಡಲು, ಅಥವಾ ಹಣ ಹಿಂತಿರುಗಿಸಲು ಆಯೋಗ ಆಜ್ಞೆ ಮಾಡಬಹುದು.

ಒಂದು ಎಚ್ಚರಿಕೆ. ವ್ಯಾಪಾರದ ಉದ್ದೇಶಕ್ಕೆ ಕೊಂಡ ವಸ್ತು ಈ ಕಾಯಿದೆಗೆ ಬರುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಬಳಸುವವರಿಗೆ ಇದರ ರಕ್ಷಣೆ ಉಂಟು. ಯಂತ್ರವನ್ನು ಯಾರು ನಡೆಸುತ್ತಾರೆ, ಆ ದುಡಿಮೆಯಿಂದ ಯಾರ ಸಂಸಾರ ಸಾಗುತ್ತದೆ ಎಂಬುದು ಸಂಘದ ಪುಸ್ತಕದಲ್ಲಿ ಬರೆದಿದ್ದರೆ ಆಗ ನೆರವಿಗೆ ಬರುತ್ತದೆ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಡ್ರೋನಿನ ವಾರಂಟಿ ಯಾವ ತಾರೀಖಿಗೆ ಮುಗಿಯುತ್ತದೆ? ಬ್ಯಾಟರಿಯದು?

2. ಬಿಲ್ಲು, ವಾರಂಟಿ ಕಾಗದ, ವಿಮೆ, ನೋಂದಣಿ ಪತ್ರ ಯಾರ ಬಳಿ ಇವೆ? ಅವುಗಳ ನಕಲು ಇನ್ನೊಬ್ಬರ ಬಳಿ ಉಂಟೇ?

3. ಬದಲಿ ಯಂತ್ರ ಕೊಡುವ ಬಗ್ಗೆ ನಮ್ಮ ವಾರಂಟಿ ಕಾಗದ ಏನು ಹೇಳುತ್ತದೆ?

4. ಯಂತ್ರ ರಿಪೇರಿಯಲ್ಲಿ ಇರುವಾಗ ಸಿಂಪರಣೆಗೆ ಪಕ್ಕದ ಊರಿನ ಸಂಘದ ಡ್ರೋನ್ ಸಿಗುವಂತೆ ಈಗಲೇ ಮಾತಾಡಿಕೊಳ್ಳಬಹುದೇ?

ಈ ನಾಲ್ಕಕ್ಕೂ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು, ಡ್ರೋನ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಿರಿ. ಹಂಗಾಮಿನ ನಡುವೆ ಯಂತ್ರ ಕೆಟ್ಟ ದಿನ ಅದನ್ನು ಹುಡುಕುವ ಹೊತ್ತು ಯಾರಿಗೂ ಇರುವುದಿಲ್ಲ.