ನೆಲೆಯಿಲ್ಲದವರಿಗೆ ನೆಲೆ

ಮನೆಯೆಂಬುದು ಬರಿಯ ಗೋಡೆಮಾಡುಗಳಲ್ಲ. ಕಾಯಕದಿಂದ ದಣಿದ ದೇಹಕ್ಕೆ ಅದು ವಿಶ್ರಾಂತಿ, ಲೋಕವ್ಯವಹಾರಕ್ಕೆ ವಿಳಾಸ. ಇವೆರಡೂ ಇಲ್ಲದವನ ಪಾಡೇನು?

2011ರ ಫೆಬ್ರವರಿ 28ರ ರಾತ್ರಿ ನಮ್ಮ ದೇಶದ ಜನಗಣತಿಯವರು ಇಂಥವರನ್ನು ಎಣಿಸಿದರು. ರಸ್ತೆಯ ಬದಿ, ಸೇತುವೆಯ ಅಡಿ, ರೈಲು ನಿಲ್ದಾಣ, ಪೂಜಾಸ್ಥಾನಗಳ ಅಂಗಳ ಇವೇ ಅವರ ಶಯನಸ್ಥಾನಗಳು. ಎಣಿಕೆಗೆ ಸಿಕ್ಕವರು ಸುಮಾರು 17.7 ಲಕ್ಷ ಮಂದಿ. ಇವರೆಲ್ಲರೂ ಭಿಕ್ಷುಕರೆಂದು ಬಗೆಯುವುದು ತಪ್ಪು. ಮೂಟೆ ಹೊರುವವರು, ಚಿಂದಿ ಆಯುವವರು, ಕಟ್ಟಡದ ಕೂಲಿಗಳು ಇವರಲ್ಲಿದ್ದಾರೆ. ಪರರ ಮನೆ ಕಟ್ಟಿದ ಕೈಗಳಿಗೇ ಮಲಗಲು ಮಾಡಿಲ್ಲ!

ಇದಕ್ಕೆ ಪರಿಹಾರವೆಂದು 2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಡಿ ಆಶ್ರಯಗೃಹಗಳ ಯೋಜನೆ ರೂಪುಗೊಂಡಿತು. ಅದರ ನಿಯಮದಂತೆ ನಗರದ ಪ್ರತಿ ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ತಂಗುವ ಸ್ಥಳವಿರಬೇಕಾಗಿತ್ತು. ಒಬ್ಬೊಬ್ಬರಿಗೆ 50 ಚದರಡಿ ಜಾಗ, ನೀರು, ಬೆಳಕು, ಸ್ನಾನಗೃಹ, ಅಡುಗೆಮನೆ ಬೇಕಾಗಿತ್ತು. ಬಾಗಿಲು ವರ್ಷವಿಡೀ ತೆರೆದಿರಬೇಕಾಗಿತ್ತು. ಗುರುತಿನ ಚೀಟಿ, ಪಡಿತರ, ಪಿಂಚಣಿ, ಔಷಧೋಪಚಾರ, ಮಕ್ಕಳ ಶಾಲೆ ಇವುಗಳಿಗೆ ದಾರಿ ತೋರುವುದೂ ಅಲ್ಲಿನ ಕರ್ತವ್ಯವೇ ಆಗಿತ್ತು. ವಿಳಾಸವಿಲ್ಲದವನಿಗೆ ಇದೇ ಮುಖ್ಯವಾದ ಉಪಕಾರ. ಏಕೆಂದರೆ ಚಾಪೆ ಒಂದು ರಾತ್ರಿಯ ಆಸರೆ, ಚೀಟಿಯಾದರೋ ನಾಳಿನ ಬಾಳಿಗೆ ಆಧಾರ.

ಆದರೆ ಗೃಹವಿದ್ದೂ ಅರಿಯದವನಿಗೆ ಅದು ಇಲ್ಲದಂತೆಯೇ. ಇಲ್ಲಿಯೇ ಗೃಹಸ್ಥನ ಹೊಣೆ. ಅಂಗಳದಲ್ಲಿ ಮಲಗಿದವನಿಗೆ ಕಾಸು ಕೊಟ್ಟು ನಾವು ತೃಪ್ತರಾಗುತ್ತೇವೆ. ಅವನ ಹೆಸರು ಕೇಳಿದೆವೆ? ನಮ್ಮೂರಿನ ಆಶ್ರಯಗೃಹ ಎಲ್ಲಿದೆಯೆಂದು ನಗರಸಭೆಯಲ್ಲಿ ವಿಚಾರಿಸಿದೆವೆ? ಅವನೊಪ್ಪಿದರೆ ಜೊತೆಯಲ್ಲಿ ಬಾಗಿಲವರೆಗೆ ನಡೆದೆವೆ? ಈ ಮೂರನ್ನೂ ಮಾಡಲು ಸಿರಿ ಬೇಡ, ಒಂದು ಸಂಜೆ ಸಾಕು. ಓದುಗರು ಇದನ್ನು ಮನನಮಾಡಿ ಆಚರಣೆಗೆ ತರಲಿ.