ಸೀಟಿನ ಮೇಲೆ ಹತ್ತು ಗಂಟೆ

ಸೈಕಲ್ಲಿನಲ್ಲಿ ಲಾಂಗ್ ರೈಡ್ ಮುಗಿಸಿ ಬಂದವರ ಮಾತು ಕೇಳಬೇಕು. ಎಷ್ಟು ಕಿಲೋಮೀಟರ್, ಎದುರುಗಾಳಿ ಹೇಗಿತ್ತು, ಯಾವ ಹೋಟೆಲಿನ ತಟ್ಟೆ ಇಡ್ಲಿ ಚೆನ್ನಾಗಿತ್ತು, ಎಲ್ಲ ಹೇಳುತ್ತಾರೆ. ಕುರ್ಚಿಯಲ್ಲಿ ಕೂರುವಾಗ ಮಾತ್ರ ಒಂದು ಪಕ್ಕಕ್ಕೆ ವಾಲಿ, ಮೆಲ್ಲಗೆ ಕೂರುತ್ತಾರೆ. ಅದೇಕೆಂದು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ತೊಡೆಸಂದು ಉಜ್ಜಿ ಸಿಪ್ಪೆ ಸುಲಿದಿದೆ, ಕೂತ ಜಾಗದಲ್ಲಿ ಗುಳ್ಳೆ ಎದ್ದಿದೆ ಎಂದು ನಾಲ್ಕು ಜನರ ಮುಂದೆ ಹೇಳುವುದಾದರೂ ಹೇಗೆ? ಹೆಂಗಸರಾದರಂತೂ ಮುಗಿದೇಹೋಯಿತು. ಮೈಸೂರಿನಲ್ಲಿ ನಾನು ಸೈಕಲ್ ತುಳಿಯಲು ಶುರುಮಾಡಿದಾಗ ಗೇರು, ಟೈರಿನ ಗಾಳಿ, ಹೆಲ್ಮೆಟ್ಟಿನ ಬಗ್ಗೆ ಸಲಹೆ ಕೊಡಲು ಹತ್ತಾರು ಜನ ಇದ್ದರು. ಇದನ್ನು ಹೇಳಿಕೊಡಲು ಒಬ್ಬರೂ ಇರಲಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಬಿಚ್ಚಿಯೇ ಬರೆಯುತ್ತೇನೆ.

ಮೊದಲು ಲೆಕ್ಕ. ನಿಮಿಷಕ್ಕೆ 75 ಸುತ್ತು ಪೆಡಲು ತುಳಿದರೆ ಗಂಟೆಗೆ 4,500 ಸುತ್ತು. ಬಿಆರ್‌ಎಂ ಎಂದು ಕರೆಯುವ, ಗಡುವಿನೊಳಗೆ ಮುಗಿಸಬೇಕಾದ 200 ಕಿಲೋಮೀಟರಿನ ಸವಾರಿಗೆ ಪ್ಯಾರಿಸ್ಸಿನ ಔಡಾಕ್ಸ್ ಕ್ಲಬ್ಬಿನ ನಿಯಮದಂತೆ ಹದಿಮೂರೂವರೆ ಗಂಟೆ ಸಮಯವಿದೆ. ಅದರಲ್ಲಿ ಹತ್ತು ಗಂಟೆ ಸೀಟಿನ ಮೇಲಿದ್ದರೂ ಒಂದೊಂದು ತೊಡೆ 45,000 ಸಲ ಅದೇ ಜಾಗದಲ್ಲಿ ಮೇಲೆ ಕೆಳಗೆ ಆಡುತ್ತದೆ. ಒಂದು ಹೊಲಿಗೆ ಅಲ್ಲಿ ಅಡ್ಡವಿದ್ದರೆ ಸಾಕು. ಒಣಗಿದ ಚರ್ಮ ಇಷ್ಟನ್ನು ತಾಳಿಕೊಳ್ಳುತ್ತದೆ. ಬೆವರಿನಿಂದ ಒದ್ದೆಯಾದ ಚರ್ಮ ಮೆದುವಾಗುತ್ತದೆ, ಬಟ್ಟೆಗೆ ಅಂಟಿಕೊಳ್ಳುತ್ತದೆ, ಆಮೇಲೆ ತರಚುತ್ತದೆ. ಬೆವರು ಅರ್ಧ ಆರಿದಾಗ ಉಪ್ಪಿನ ಹರಳು ಉಳಿದು ಉಜ್ಜುವುದು ಇನ್ನೂ ಹೆಚ್ಚು. ಮಂಗಳೂರಿನಿಂದ ಕುಂದಾಪುರದ ಕಡೆ ಹೋಗುವಾಗ ಬೆವರು ಆರುವುದೇ ಇಲ್ಲ. ಬಯಲುಸೀಮೆಯ ಏಪ್ರಿಲ್ಲಿನಲ್ಲಿ ಅದು ಆರಿ, ಬಟ್ಟೆಯ ಮೇಲೆ ಬಿಳಿ ಗೆರೆ ಮೂಡುತ್ತದೆ. ಎರಡು ಕಡೆಯೂ ಗಾಯವಾಗುತ್ತದೆ, ಕಾರಣ ಮಾತ್ರ ಬೇರೆ.

ಇಷ್ಟು ತಿಳಿದ ಮೇಲೂ ಒಂದು ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ನಮ್ಮಪ್ಪ ಪೋಸ್ಟ್‌ಮ್ಯಾನ್ ಆಗಿದ್ದವರು. ನಂಜನಗೂಡಿನ ಕಡೆಯ ಹಳ್ಳಿಗಳಲ್ಲಿ ಕರಿ ಅಟ್ಲಾಸ್ ಸೈಕಲ್ಲಿನ ಗಟ್ಟಿ ತೊಗಲಿನ ಸೀಟಿನ ಮೇಲೆ, ಖಾಕಿ ಪ್ಯಾಂಟಿನಲ್ಲಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಓಡಾಡಿದವರು. ಕ್ರೀಮಿಲ್ಲ, ಪ್ಯಾಡಿಲ್ಲ. ನನ್ನದು ಅವರ ಕಾಲದ ಸಂಬಳಕ್ಕೆ ಎಟುಕದ ಬೆಲೆಯ ಸೈಕಲ್. ಒಮ್ಮೆ ಕೇಳಿಯೇಬಿಟ್ಟೆ: "ಅಪ್ಪಾ, ನಿಮಗೆ ಯಾವತ್ತೂ ಉಜ್ಜಲಿಲ್ವಾ?"

"ಉಜ್ಜೋಕೆ ನಾನು ಕೂತಿದ್ದೆಲ್ಲಮ್ಮ? ಮನೆಮನೆಗೂ ಇಳೀತಿದ್ದೆನಲ್ಲ."

ಆ ಮಾತಿನಲ್ಲಿ ಮುಕ್ಕಾಲು ಉತ್ತರ ಇದೆ. ಇಳಿದಾಗಲೆಲ್ಲ ಒತ್ತಿದ ಜಾಗಕ್ಕೆ ರಕ್ತ ಓಡುತ್ತದೆ, ಗಾಳಿಯಾಡುತ್ತದೆ. ಉಳಿದ ಕಾಲು ಭಾಗ ಅವರು ಕೂರುತ್ತಿದ್ದ ಭಂಗಿಯಲ್ಲಿತ್ತು. ಬೆನ್ನು ನೇರ, ಭಾರವೆಲ್ಲ ಕುಂಡಿಯ ಎರಡು ಮೂಳೆಗಳ ಮೇಲೆ. ನನ್ನ ಸೈಕಲ್ಲಿನಲ್ಲಿ ಮುಂದಕ್ಕೆ ಬಾಗಬೇಕು. ಭಾರ ಮೂಳೆ ಬಿಟ್ಟು ಮುಂದಿನ ಮೆದು ಜಾಗಕ್ಕೆ ಸರಿಯುತ್ತದೆ. ಆ ಜಾಗ ಭಾರ ಹೊರಲು ಇರುವುದಲ್ಲ. ಅಂದಿನಿಂದ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ಎದ್ದು ನಿಂತು ಇಪ್ಪತ್ತು ಎಣಿಸುವುದನ್ನು ರೂಢಿ ಮಾಡಿಕೊಂಡೆ. ಏರಿನಲ್ಲಿ ನೆನಪಿಸಬೇಕಾಗಿಲ್ಲ, ಕಾಲೇ ಎದ್ದು ನಿಲ್ಲುತ್ತದೆ. ಸಮತಟ್ಟಾದ ಹೆದ್ದಾರಿಯೇ ಅಪಾಯ: ಗಂಟೆಗಟ್ಟಲೆ ಅಲ್ಲಾಡದೆ ಕೂತುಬಿಡುತ್ತೇವೆ.

ಸೀಟು ಹೊಂದಿಸುವುದಕ್ಕೆ ಮುಂಚೆ ಕ್ರೀಮು ಕೊಳ್ಳಬೇಡಿ ಎನ್ನುವುದು ನನ್ನ ಹಟ. ಉಜ್ಜುವುದಕ್ಕೆ ಕಾರಣ ಹಾಗೆಯೇ ಉಳಿದಿದ್ದರೆ ಯಾವ ಕ್ರೀಮೂ ಸಂಜೆಯವರೆಗೆ ಕಾಯುವುದಿಲ್ಲ. ಒಮ್ಮೆ ಮಡಿಕೇರಿ ರಸ್ತೆಯಲ್ಲಿ ನನ್ನ ಹಿಂದೆ ಬರುತ್ತಿದ್ದ ಗೆಳತಿ, "ನಿನ್ನ ಸೊಂಟ ಎಡಕ್ಕೂ ಬಲಕ್ಕೂ ತೂಗ್ತಾ ಇದೆ ಕಣೆ" ಎಂದಳು. ಸೀಟು ಎತ್ತರವಾಗಿತ್ತು. ಕೆಳಗಿನ ಪೆಡಲನ್ನು ಮುಟ್ಟಲು ಪ್ರತಿ ಸುತ್ತಿಗೂ ಸೊಂಟ ಜಾರುತ್ತಿತ್ತು, ಬಲತೊಡೆಯೊಂದೇ ಯಾಕೆ ಉರಿಯುತ್ತದೆ ಎಂಬುದಕ್ಕೆ ಉತ್ತರ ಅಲ್ಲಿತ್ತು. ಎತ್ತರ ನೋಡಲು ಸುಲಭದ ದಾರಿ: ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು ಹಿಮ್ಮಡಿ ಇಡಿ. ಮೊಣಕಾಲು ಆಗ ನೇರವಾಗಬೇಕು, ಸೊಂಟ ವಾಲಬಾರದು. ತುಳಿಯುವಾಗ ಪಾದದ ಮುಂಭಾಗ ಪೆಡಲಿನ ಮೇಲೆ ಬರುವುದರಿಂದ ಮೊಣಕಾಲಿಗೆ ಬೇಕಾದಷ್ಟು ಬಾಗು ತಾನಾಗಿ ಸಿಗುತ್ತದೆ. ಇನ್ನು ಸೀಟಿನ ಮೂತಿ. ಅದು ಮೇಲಕ್ಕಿದ್ದರೆ ಒತ್ತುತ್ತದೆ. ತೀರ ಕೆಳಕ್ಕಿದ್ದರೆ ಮುಂದೆ ಜಾರಿ ಜಾರಿ, ಹಿಂದಕ್ಕೆ ತಳ್ಳಿಕೊಳ್ಳುವುದರಲ್ಲೇ ಚರ್ಮ ಕೀಳುತ್ತದೆ. ಮಟ್ಟವಾಗಿಟ್ಟು ಅಲ್ಲಿಂದ ಕೂದಲೆಳೆಯಷ್ಟು ಬದಲಿಸುತ್ತಾ ಹೋಗಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಅಗಲ ಅಳೆಯಲು ಅಂಗಡಿಗೇ ಹೋಗಬೇಕೆಂದಿಲ್ಲ. ರಟ್ಟಿನ ಪೆಟ್ಟಿಗೆಯ ತುಂಡೊಂದನ್ನು ಗಟ್ಟಿ ಮೆಟ್ಟಿಲ ಮೇಲಿಟ್ಟು, ತೆಳು ಬಟ್ಟೆಯಲ್ಲಿ, ಸ್ವಲ್ಪ ಮುಂದೆ ಬಾಗಿ ಕೂತು ಏಳಿ. ಮೂಳೆಗಳ ಎರಡು ಗುಳಿ ಕಾಣಿಸುತ್ತವೆ. ಅವುಗಳ ನಡುವಿನ ಅಂತರಕ್ಕಿಂತ ಸೀಟಿನ ಹಿಂಭಾಗ ಒಂದೆರಡು ಸೆಂಟಿಮೀಟರ್ ಅಗಲವಿರಬೇಕು. ಹೆಂಗಸರಿಗೆ ಸಾಮಾನ್ಯವಾಗಿ ಈ ಅಂತರ ಹೆಚ್ಚು. ಹೊಸ ಸೈಕಲ್ಲಿನ ಜೊತೆ ಬರುವ ಸೀಟು ನಮ್ಮನ್ನು ನೋಡಿ ಮಾಡಿದ್ದಲ್ಲ. ಮತ್ತೆ, ದಯವಿಟ್ಟು ಆ ಮೆತ್ತನೆಯ ಜೆಲ್ ಕವರು ಬೇಡ. ಬೆರಳಲ್ಲಿ ಒತ್ತಿ ನೋಡಿದಾಗ ಸುಖ ಅನಿಸುತ್ತದೆ. ಎರಡು ಗಂಟೆಯ ಮೇಲೆ ಮೂಳೆ ಅದರೊಳಗೆ ಇಳಿದು, ಪಕ್ಕದ ಜೆಲ್ ಎಲ್ಲ ಉಬ್ಬಿ ಬೇಡದ ಕಡೆ ಒತ್ತುತ್ತದೆ.

ಬಟ್ಟೆಯ ವಿಷಯಕ್ಕೆ ಬಂದರೆ, ಪ್ಯಾಡಿರುವ ಸೈಕ್ಲಿಂಗ್ ಶಾರ್ಟ್ಸಿನ ಒಳಗೆ ಚಡ್ಡಿ ಹಾಕಬಾರದು. ಇದನ್ನು ಕೇಳಿ ಮುಖ ಕೆಂಪಾಗದವರನ್ನು ನಾನು ಇನ್ನೂ ನೋಡಿಲ್ಲ. ಆದರೆ ಹತ್ತಿಯ ಚಡ್ಡಿ ಬೆವರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಅದರ ಎಲಾಸ್ಟಿಕ್ಕು, ಹೊಲಿಗೆ ಎರಡೂ ಸರಿಯಾಗಿ ತೊಡೆಸಂದಿಯಲ್ಲೇ ಬರುತ್ತವೆ. ಪ್ಯಾಡನ್ನು ಮಾಡಿರುವುದೇ ಚರ್ಮಕ್ಕೆ ನೇರ ತಾಗಲೆಂದು. ಹಿಂದೆ ಯುರೋಪಿನಲ್ಲಿ ಈ ಪ್ಯಾಡನ್ನು ಷಾಮ್ವಾ ಎಂಬ ಬೆಟ್ಟದ ಮೇಕೆಯ ತೊಗಲಿನಿಂದ ಮಾಡುತ್ತಿದ್ದರು. ಒಗೆದು ಒಣಗಿಸಿದರೆ ಅದು ಹಪ್ಪಳದಂತೆ ಗಡುಸಾಗುತ್ತಿತ್ತು. ಮೆದು ಮಾಡಲು ಕ್ರೀಮು ಬಳಿಯುತ್ತಿದ್ದರು. ಈಗಿನ ಪ್ಯಾಡು ಸಿಂಥೆಟಿಕ್ಕು, ಅದಕ್ಕೆ ಕ್ರೀಮು ಬೇಕಾಗಿಲ್ಲ. ಬೇಕಾಗಿರುವುದು ನಮ್ಮ ಚರ್ಮಕ್ಕೆ, ಅದೂ ಉಜ್ಜುವ ಜಾಗಕ್ಕಷ್ಟೆ.

ಬಿಬ್ ಶಾರ್ಟ್ಸ್, ಅಂದರೆ ಹೆಗಲಿಗೆ ಪಟ್ಟಿಯಿರುವಂಥದ್ದು, ಸೊಂಟದಲ್ಲಿ ಒತ್ತುವುದಿಲ್ಲ, ಪ್ಯಾಡು ಜಾರುವುದಿಲ್ಲ. ಗಂಡಸರು ಅದನ್ನು ಹೊಗಳುತ್ತಾರೆ. ಹೆದ್ದಾರಿಯ ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ, ಗೂಟವೂ ಇಲ್ಲದ ಕಡೆ ಜೆರ್ಸಿ ಬಿಚ್ಚಿ ಕೈಯಲ್ಲಿ ಹಿಡಿದು ನಿಲ್ಲಬೇಕಾದವರು ನಾವು. ಆ ತೊಂದರೆಗೆ ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹೆಂಗಸರಿದ್ದಾರೆ. ಅದು ಗಾಯಕ್ಕಿಂತ ಕೆಟ್ಟದ್ದು. ನಾನು ಸೊಂಟದ ಶಾರ್ಟ್ಸಿಗೇ ನಿಂತೆ. ಮುಟ್ಟಿನ ದಿನಗಳಲ್ಲಿ ಲಾಂಗ್ ರೈಡ್ ಇದ್ದರೆ ಸ್ಯಾನಿಟರಿ ಪ್ಯಾಡಿನ ಅಂಚು ಉಜ್ಜುವಷ್ಟು ಬೇರೆ ಯಾವುದೂ ಉಜ್ಜುವುದಿಲ್ಲ. ಮುಟ್ಟಿನ ಕಪ್ ಅಭ್ಯಾಸವಾದ ಮೇಲೆ ನನಗೆ ಆ ಪಾಡು ತಪ್ಪಿತು. ಅಭ್ಯಾಸವನ್ನು ಮಾತ್ರ ಮನೆಯಲ್ಲಿ ಮೊದಲೇ ಮಾಡಿಕೊಳ್ಳಬೇಕು, ರೈಡಿನ ದಿನ ಅಲ್ಲ.

ಕೂದಲಿನ ವಿಷಯವೂ ಹೇಳಿಬಿಡುತ್ತೇನೆ. 2016ರ ರಿಯೊ ಒಲಿಂಪಿಕ್ಸ್‌ಗೆ ಮುಂಚೆ ಬ್ರಿಟನ್ನಿನ ಸೈಕ್ಲಿಂಗ್ ಸಂಸ್ಥೆ ತನ್ನ ಮಹಿಳಾ ಸವಾರರ ಈ ಗಾಯಗಳ ಬಗ್ಗೆ ಪರಿಣತರನ್ನು ಕೂರಿಸಿ ಕೇಳಿತು. ಬಂದ ಮುಖ್ಯ ಸಲಹೆಗಳಲ್ಲೊಂದು ವ್ಯಾಕ್ಸಿಂಗ್, ಶೇವಿಂಗ್ ನಿಲ್ಲಿಸಿ ಎನ್ನುವುದು. ಬೋಳಿಸಿದ ಕೂದಲ ಬುಡದಲ್ಲಿ ಬೆವರು, ಒತ್ತಡ, ಬ್ಯಾಕ್ಟೀರಿಯಾ ಸೇರಿದರೆ ಕುರು ಏಳುತ್ತದೆ. ಬೇಕಿದ್ದರೆ ಕತ್ತರಿಯಲ್ಲಿ ಮೋಟು ಮಾಡಿಕೊಳ್ಳಿ, ಬ್ಲೇಡು ಬೇಡ.

ಈಗ ಕ್ರೀಮು. ಕೊಬ್ಬರಿ ಎಣ್ಣೆ ನಮ್ಮ ಮನೆಮದ್ದು, ಆದರೆ ಮೈಯ ಬಿಸಿಗೆ ಬೇಗ ಹರಿದುಹೋಗುತ್ತದೆ. ಒಂದೆರಡು ಗಂಟೆಯ ಸವಾರಿಗೆ ಸಾಕು. ಪೆಟ್ರೋಲಿಯಂ ಜೆಲ್ಲಿ ನಿಲ್ಲುತ್ತದೆ, ಮಳೆಯಲ್ಲಿ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಪ್ಯಾಡಿಗೆ ಮೆತ್ತಿಕೊಂಡರೆ ಮಾತ್ರ ಬೆವರು ಹೀರುವುದಿಲ್ಲ, ಒಗೆದರೂ ಸುಲಭವಾಗಿ ಹೋಗುವುದಿಲ್ಲ. ಬೇಸಿಗೆಗೆ ಸೈಕಲ್ಲಿನವರ ಕ್ರೀಮೇ ಸರಿ. ಮೆಂಥಾಲ್ ಹಾಕಿದ್ದನ್ನು ತರಬೇಡಿ, ತಂಪೆಂದು ಬರೆದಿರುತ್ತಾರೆ, ತರಚಿದ ಜಾಗಕ್ಕೆ ತಾಗಿದರೆ ಚಾಮುಂಡಿ ಬೆಟ್ಟದ ಮೇಲೆ ನಿಂತು ಕೂಗಿಕೊಳ್ಳಬೇಕಾಗುತ್ತದೆ. ಪೌಡರ್ ಹಾಕುವವರನ್ನೂ ನೋಡಿದ್ದೇನೆ. ಬೆವರಿಗೆ ಅದು ಉಂಡೆಕಟ್ಟಿ ತಾನೇ ಉಜ್ಜತೊಡಗುತ್ತದೆ. ಕ್ರೀಮಿನ ಸಣ್ಣ ಡಬ್ಬಿಯೊಂದು ಜೇಬಿನಲ್ಲಿರಲಿ, ನಡುವೆ ಒಮ್ಮೆ ಒರೆಸಿಕೊಂಡು ಮತ್ತೆ ಹಚ್ಚಬೇಕು.

ರೈಡ್ ಮುಗಿದ ಮೇಲಿನ ಅರ್ಧ ಗಂಟೆಯಲ್ಲೇ ಹೆಚ್ಚಿನ ಗುಳ್ಳೆಗಳ ಹಣೆಬರಹ ತೀರ್ಮಾನವಾಗುತ್ತದೆ. ಎಲ್ಲರೂ ಒದ್ದೆ ಶಾರ್ಟ್ಸಿನಲ್ಲೇ ಕಾಫಿ, ಫೋಟೋ, ಹರಟೆ. ನಾನು ಮೊದಲು ಬಟ್ಟೆ ಬದಲಿಸುತ್ತೇನೆ. ಸೌಮ್ಯವಾದ ಸೋಪು, ನೀರು, ಟವೆಲಿನಲ್ಲಿ ಉಜ್ಜದೆ ಒತ್ತಿ ಒರೆಸುವುದು, ಸಡಿಲವಾದ ಹತ್ತಿ ಬಟ್ಟೆ. ಕೆಂಪಾಗಿದ್ದರೆ ರಾತ್ರಿ ಜಿಂಕ್ ಆಕ್ಸೈಡ್ ಇರುವ ಕ್ರೀಮು, ಮಕ್ಕಳ ಡೈಪರ್ ಗಾಯಕ್ಕೆ ಹಚ್ಚುವಂಥದ್ದು. ಡೆಟಾಲು ಸುರಿಯಬೇಡಿ. ಶಾರ್ಟ್ಸನ್ನು ಅಂದೇ ಒಗೆದು, ಒಳಭಾಗ ಹೊರಗೆ ಮಾಡಿ ಬಿಸಿಲಿಗೆ ಹಾಕಬೇಕು. ಮಳೆಗಾಲದಲ್ಲಿ ಅದು ಒಣಗಲು ಎರಡು ದಿನ ಹಿಡಿಯುತ್ತದೆ, ಆದ್ದರಿಂದ ಇನ್ನೊಂದು ಜೊತೆ ಕೊಳ್ಳುವುದು ದುಂದಲ್ಲ.

ಎಚ್ಚರಿಕೆ ಬೇಕಾದದ್ದು ಮೆಡಿಕಲ್ ಅಂಗಡಿಯಲ್ಲಿ. ತೊಡೆಸಂದಿಯಲ್ಲಿ ತುರಿಕೆ ಎಂದರೆ ಸಾಕು, ಕೌಂಟರಿನಾಚೆಯಿಂದ ಒಂದು ಟ್ಯೂಬು ಬರುತ್ತದೆ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಉರಿ ಎರಡೇ ದಿನಕ್ಕೆ ಇಳಿಯುತ್ತದೆ. ಅಲ್ಲಿರುವುದು ಹುಳುಕಡ್ಡಿಯಾಗಿದ್ದರೆ ಒಳಗೊಳಗೇ ಹರಡುತ್ತದೆ, ಚರ್ಮ ತೆಳುವಾಗುತ್ತದೆ. ಉಜ್ಜಿದ ಗಾಯ ವಿಶ್ರಾಂತಿ ಕೊಟ್ಟರೆ ಕೆಲವೇ ದಿನಗಳಲ್ಲಿ ಮಾಯುತ್ತದೆ. ಮಾಯದೆ ಉಂಗುರದಂತೆ ಅಂಚು ಕಟ್ಟಿಕೊಂಡು ಹರಡಿದರೆ, ಕೀವು ತುಂಬಿದರೆ, ಜ್ವರ ಬಂದರೆ ಚರ್ಮದ ವೈದ್ಯರ ಬಳಿ ಹೋಗಬೇಕು. ಸಕ್ಕರೆ ಕಾಯಿಲೆ ಇದ್ದವರು ಅಷ್ಟು ದಿನವೂ ಕಾಯಬಾರದು.

ತುಳಿದು ತುಳಿದು ಚರ್ಮ ಗಟ್ಟಿಯಾಗುತ್ತದೆ ಎನ್ನುವ ಧೈರ್ಯಸ್ಥರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಅವರಿಗೆ ನಾನು ಐರ್ಲೆಂಡಿನ ಸೈಕಲ್ ರೇಸುಗಾರ ಶಾನ್ ಕೆಲ್ಲಿಯ ಕಥೆ ಹೇಳುತ್ತೇನೆ. 1987ರ ಸ್ಪೇನಿನ ವುಯೆಲ್ಟಾ ರೇಸಿನಲ್ಲಿ ಆತ ಎಲ್ಲರಿಗಿಂತ ಮುಂದಿದ್ದ, ಮುಗಿಯಲು ಕೆಲವೇ ದಿನ ಬಾಕಿ. ಸೀಟಿನ ಗಾಯ ತಾಳಲಾರದೆ ಸೈಕಲ್ ಇಳಿದ. ಮರುವರ್ಷ ಬಂದು ಅದೇ ರೇಸು ಗೆದ್ದ. ವರ್ಷವಿಡೀ ಸೀಟಿನ ಮೇಲೇ ಇದ್ದವನ ಚರ್ಮವೇ ಗಟ್ಟಿಯಾಗಲಿಲ್ಲ. ಗುಳ್ಳೆ ಎದ್ದ ವಾರ ನಾನು ಆಫೀಸಿಗೆ ಸಿಟಿ ಬಸ್ಸಿನಲ್ಲಿ ಹೋಗುತ್ತೇನೆ. ಸೀಟು ಖಾಲಿ ಇದ್ದರೂ ನಿಂತೇ.