ಗಣಕಯಂತ್ರದ ಆಟಗಳ ಅನುಕರಣೆ: ಕೃತಿಸ್ವಾಮ್ಯ ಮತ್ತು ವ್ಯಾಪಾರ ಚಿಹ್ನೆಯ ಎಲ್ಲೆಗಳು

ಆಟವು ಮಾನವ ಸಮಾಜದಷ್ಟೇ ಪುರಾತನವಾದುದು. ಚೌಕಾಬಾರ, ಅಳಿಗುಳಿಮಣೆ, ಹುಲಿ-ಕುರಿ ಆಟ, ಪಗಡೆ ಮುಂತಾದವನ್ನು ಮೊದಲು ಕಲ್ಪಿಸಿದವರು ಯಾರೆಂಬುದು ತಿಳಿಯದು. ದೇವಾಲಯದ ಹಾಸುಗಲ್ಲಿನ ಮೇಲೆ ಮನೆ ಕೊರೆದು ಆಡಿದವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಆದರೆ ಆಟವು ಅಂಗಡಿಯ ಸರಕಾದ ದಿನದಿಂದ ಒಡೆತನದ ಪ್ರಶ್ನೆಯೂ ಹುಟ್ಟಿಕೊಂಡಿತು. ಭಾರತದ ಪಚೀಸಿಯು ಪಶ್ಚಿಮ ದೇಶಗಳಿಗೆ ಹೋಗಿ ಇಂಗ್ಲೆಂಡಿನಲ್ಲಿ ಲೂಡೋ ಆಯಿತು. ಅಮೆರಿಕದಲ್ಲಿ 'ಪಾರ್ಚೀಸಿ' ಎಂಬ ಹೆಸರು ೧೮೭೪ರಲ್ಲಿಯೇ ಒಂದು ವ್ಯಾಪಾರ ಸಂಸ್ಥೆಯ ಚಿಹ್ನೆಯಾಗಿ ನೋಂದಣಿಗೊಂಡಿತು. ಆಡುವ ಕ್ರಮ ಎಲ್ಲರ ಸ್ವತ್ತಾಗಿಯೇ ಉಳಿಯಿತು. ಹೆಸರು ಮಾತ್ರ ಒಬ್ಬರ ಸ್ವತ್ತಾಯಿತು. ಈ ಲೇಖನದ ಇಡೀ ವಿಷಯವು ಈ ಒಂದು ಉದಾಹರಣೆಯಲ್ಲಿ ಬೀಜರೂಪದಲ್ಲಿ ಅಡಗಿದೆಯೆನ್ನಬಹುದು.

ಇಂದು ಗಣಕಯಂತ್ರವೊಂದನ್ನು ಹೊಂದಿದ ತರುಣನು ಮನೆಯಲ್ಲಿಯೇ ಕುಳಿತು ಆಟವೊಂದನ್ನು ರಚಿಸಿ, ಮೊಬೈಲ್ ದೂರವಾಣಿಯ ಆ್ಯಪ್ ಮಳಿಗೆಗಳ ಮೂಲಕ ಜಗತ್ತಿನ ಮುಂದಿಡಬಲ್ಲನು. ಕಲಿಯುವವನು ತನಗೆ ಪ್ರಿಯವಾದ ಆಟವನ್ನು ಅನುಕರಿಸುವುದು ಸಹಜ. ಅನುಕರಣೆಯೇ ಎಲ್ಲ ಕಲೆಗಳ ಮೊದಲ ಪಾಠ. ಆದರೆ ಅಭ್ಯಾಸಕ್ಕಾಗಿ ಬರೆದುದನ್ನು ಪ್ರಕಟಿಸಿದೊಡನೆ ಅದು ಕಾನೂನಿನ ವ್ಯಾಪ್ತಿಗೆ ಒಳಪಡುತ್ತದೆ. ದೊಡ್ಡ ಸಂಸ್ಥೆಗೆ ವಕೀಲರ ಪಡೆಯಿರುತ್ತದೆ. ಒಂಟಿ ರಚನಕಾರನಿಗೆ ಒಂದೇ ಒಂದು ನೋಟೀಸು ಬಂದರೂ ಒಂದೆರಡು ವರ್ಷಗಳ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತಾದೀತು. ಆದುದರಿಂದ ಈ ವಿಷಯವನ್ನು ವಿದ್ಯಾರ್ಥಿ ದೆಸೆಯಲ್ಲಿಯೇ ಅರಿತಿರುವುದು ಶ್ರೇಯಸ್ಕರ.

ಕಲ್ಪನೆ ಮತ್ತು ಅಭಿವ್ಯಕ್ತಿ

ಕೃತಿಸ್ವಾಮ್ಯದ ಮೂಲತತ್ವ ಸರಳವಾಗಿದೆ. ಕಾನೂನು ಕಲ್ಪನೆಯನ್ನು ರಕ್ಷಿಸುವುದಿಲ್ಲ. ಆ ಕಲ್ಪನೆಗೆ ಕರ್ತೃವು ಕೊಟ್ಟ ಅಭಿವ್ಯಕ್ತಿಯನ್ನು ಮಾತ್ರ ರಕ್ಷಿಸುತ್ತದೆ. ನಮ್ಮ ಸರ್ವೋಚ್ಚ ನ್ಯಾಯಾಲಯವು ೧೯೭೮ರಲ್ಲಿ ಆರ್.ಜಿ. ಆನಂದ್ ವಿರುದ್ಧ ಡಿಲಕ್ಸ್ ಫಿಲ್ಮ್ಸ್ ಮೊಕದ್ದಮೆಯಲ್ಲಿ ಇದನ್ನು ವಿಶದಪಡಿಸಿತು. 'ಹಮ್ ಹಿಂದೂಸ್ತಾನಿ' ಎಂಬ ನಾಟಕದ ಕರ್ತೃವು 'ನ್ಯೂ ಡೆಲ್ಲಿ' ಎಂಬ ಚಲನಚಿತ್ರವು ತನ್ನ ಕೃತಿಯ ನಕಲೆಂದು ವಾದಿಸಿದ್ದನು. ಪ್ರಾಂತೀಯ ಭಾವನೆಯೆಂಬ ವಸ್ತು ಎರಡರಲ್ಲಿಯೂ ಒಂದೇ ಆದರೂ ಅದನ್ನು ನಿರೂಪಿಸಿದ ರೀತಿ ಬೇರೆಯಾಗಿದೆಯೆಂದು ಹೇಳಿ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು. ಎರಡನೆಯ ಕೃತಿಯನ್ನು ಕಂಡವನ ಮನಸ್ಸಿನಲ್ಲಿ ಇದು ಮೊದಲನೆಯದರ ನಕಲೇ ಎಂಬ ಭಾವ ನಿಸ್ಸಂದೇಹವಾಗಿ ಮೂಡುವುದೇ ಎಂಬುದೇ ಅಂದು ಹಾಕಿಕೊಟ್ಟ ಒರೆಗಲ್ಲು.

ಆಟಕ್ಕೆ ಇದನ್ನು ಅನ್ವಯಿಸಿದರೆ, ಆಟದ ನಿಯಮ, ಅಂಕ ಎಣಿಸುವ ಪದ್ಧತಿ, ಗೆಲ್ಲುವ ಬಗೆ ಇವು ಕಲ್ಪನೆಯ ವರ್ಗಕ್ಕೆ ಸೇರುತ್ತವೆ. ಚಿತ್ರಗಳು, ಪಾತ್ರಗಳು, ಸಂಗೀತ, ಕಥೆ ಮತ್ತು ಬರೆಹದ ಪಠ್ಯ ಅಭಿವ್ಯಕ್ತಿಯ ವರ್ಗಕ್ಕೆ ಸೇರುತ್ತವೆ. ಆಟವನ್ನು ನಡೆಸುವ ಕಂಪ್ಯೂಟರ್ ಪ್ರೋಗ್ರಾಂ ಭಾರತದ ೧೯೫೭ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಸಾಹಿತ್ಯಕೃತಿಯೆಂದೇ ಪರಿಗಣಿತವಾಗಿದೆ. ಸ್ವಾಮ್ಯವು ರಚನೆಯೊಡನೆಯೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಅದು ಕರ್ತೃವಿನ ಜೀವಿತಾವಧಿ ಮತ್ತು ಅನಂತರದ ೬೦ ವರ್ಷಗಳವರೆಗೆ ಇರುತ್ತದೆ. ಹಳೆಯ ಆಟ, ಈಗ ಯಾರೂ ಮಾರುತ್ತಿಲ್ಲ ಎಂಬ ಕಾರಣದಿಂದ ಅದು ಅನಾಥವೆಂದು ಭಾವಿಸುವುದು ತಪ್ಪು.

ಈ ವಿಂಗಡಣೆ ಹೇಳುವುದಕ್ಕೆ ಸುಲಭ, ಆಚರಣೆಯಲ್ಲಿ ಕಠಿಣ. ೧೯೮೨ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 'ಪ್ಯಾಕ್-ಮ್ಯಾನ್' ಮತ್ತು ಅದನ್ನು ಹೋಲುವ 'ಕೆ.ಸಿ. ಮಂಚ್‌ಕಿನ್' ಆಟಗಳನ್ನು ತೂಗಿ ನೋಡಿತು. ಜಟಿಲ ದಾರಿಗಳ ಚಕ್ರವ್ಯೂಹ ಮತ್ತು ಅಂಕಗಳ ಎಣಿಕೆ ಆಟದ ಅವಶ್ಯ ಅಂಗಗಳು, ಅವನ್ನು ಯಾರಾದರೂ ಬಳಸಬಹುದು. ಆದರೆ ಚುಕ್ಕಿಗಳನ್ನು ನುಂಗುವ ಪಾತ್ರ ಹಾಗೂ ಬೆನ್ನಟ್ಟುವ ಭೂತಗಳ ಆಕೃತಿ ಕರ್ತೃವಿನ ಕಲ್ಪನಾಸೃಷ್ಟಿ, ಅವುಗಳ ಸ್ವಾಮ್ಯ ಅವನದು ಎಂದು ತೀರ್ಪಿತ್ತಿತು. ಇದಕ್ಕೆ ವ್ಯತಿರಿಕ್ತವಾಗಿ, ೧೯೮೮ರಲ್ಲಿ ಎರಡು ಕರಾಟೆ ಆಟಗಳ ವ್ಯಾಜ್ಯ ಬಂದಾಗ ಒದೆತ, ಹೊಡೆತ, ತೀರ್ಪುಗಾರ ಇವೆಲ್ಲ ಕರಾಟೆಯ ಸಹಜ ಲಕ್ಷಣಗಳೆಂದು ಹೇಳಿ ಮತ್ತೊಂದು ಮೇಲ್ಮನವಿ ನ್ಯಾಯಾಲಯವು ಅನುಕರಿಸಿದವರ ಪರವಾಗಿ ನಿಂತಿತು. ವಸ್ತುವಿನಿಂದಲೇ ಅನಿವಾರ್ಯವಾಗಿ ಬರುವ ಸಾಮ್ಯವು ದೋಷವಲ್ಲ. ಆಯ್ಕೆಗೆ ಅವಕಾಶವಿದ್ದೂ ಮಾಡಿಕೊಂಡ ಸಾಮ್ಯವೇ ದೋಷ.

ಸ್ಕ್ರ್ಯಾಬುಲಸ್ ಪ್ರಕರಣ

ಭಾರತೀಯರಿಗೆ ಅತ್ಯಂತ ಬೋಧಪ್ರದವಾದುದು ಸ್ಕ್ರ್ಯಾಬುಲಸ್ ಪ್ರಕರಣ. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದಗಳನ್ನು ಕಟ್ಟುವ ಸ್ಕ್ರ್ಯಾಬಲ್ ಆಟವನ್ನು ೧೯೩೦ರ ದಶಕದಲ್ಲಿ ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ ರೂಪಿಸಿದನು. ಕಾಲಕ್ರಮೇಣ ಅಮೆರಿಕ ಮತ್ತು ಕೆನಡಾಗಳಲ್ಲಿ ಅದರ ಹಕ್ಕು ಹ್ಯಾಸ್ಬ್ರೋ ಸಂಸ್ಥೆಗೂ ಇತರ ದೇಶಗಳಲ್ಲಿ ಮ್ಯಾಟೆಲ್ ಸಂಸ್ಥೆಗೂ ಸೇರಿತು. ಕೋಲ್ಕತ್ತದ ಅಗರ್‌ವಾಲಾ ಸಹೋದರರು ಅದೇ ಬಗೆಯ ಆಟವನ್ನು ಅಂತರಜಾಲಕ್ಕೆ ಅಳವಡಿಸಿ 'ಸ್ಕ್ರ್ಯಾಬುಲಸ್' ಎಂದು ಹೆಸರಿಟ್ಟು ಫೇಸ್‌ಬುಕ್‌ನಲ್ಲಿ ಒದಗಿಸಿದಾಗ ಅದಕ್ಕೆ ದೊರೆತ ಜನಪ್ರಿಯತೆ ಅಸಾಧಾರಣವಾಗಿತ್ತು. ಇಬ್ಬರು ತರುಣರ ಕೃತಿಯು ಎರಡು ಬೃಹತ್ ಆಟಿಕೆ ಸಂಸ್ಥೆಗಳ ನಿದ್ದೆಗೆಡಿಸಿತು. ೨೦೦೮ರ ಜುಲೈಯಲ್ಲಿ ಹ್ಯಾಸ್ಬ್ರೋ ಸಂಸ್ಥೆಯು ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. ಆ ತಿಂಗಳಲ್ಲಿಯೇ ಅಮೆರಿಕ ಮತ್ತು ಕೆನಡಾಗಳ ಆಟಗಾರರಿಗೆ ಆಟವು ನಿಂತುಹೋಯಿತು. ಮ್ಯಾಟೆಲ್ ಸಂಸ್ಥೆಯು ದೆಹಲಿಯ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು.

ದೆಹಲಿ ಉಚ್ಚ ನ್ಯಾಯಾಲಯವು ೨೦೦೮ರ ಸೆಪ್ಟೆಂಬರ್ ೧೭ರಂದು ಕೊಟ್ಟ ಮಧ್ಯಂತರ ಆದೇಶವು ಎರಡು ಅಲಗಿನ ಕತ್ತಿಯಂತಿದೆ. ಕೃತಿಸ್ವಾಮ್ಯದ ಬಗ್ಗೆ ಮ್ಯಾಟೆಲ್ ಸಂಸ್ಥೆಗೆ ತಡೆಯಾಜ್ಞೆ ಸಿಗಲಿಲ್ಲ. ಆ ಆಟದ ಹಲಗೆಯಲ್ಲಿ ಕಲ್ಪನೆ ಮತ್ತು ಅಭಿವ್ಯಕ್ತಿಗಳು ಬೇರ್ಪಡಿಸಲಾಗದಂತೆ ಬೆರೆತಿವೆ, ಹಲಗೆಯ ವಿನ್ಯಾಸಕ್ಕೆ ಸ್ವಾಮ್ಯ ಕೊಟ್ಟರೆ ಆಟದ ಕಲ್ಪನೆಗೇ ಸ್ವಾಮ್ಯ ಕೊಟ್ಟಂತಾಗುತ್ತದೆ ಎಂಬುದು ನ್ಯಾಯಾಲಯದ ಅಭಿಪ್ರಾಯ. ವಿನ್ಯಾಸವಾಗಿ ನೋಂದಾಯಿಸಬಹುದಾದುದನ್ನು ನೋಂದಾಯಿಸದೆ ಕೈಗಾರಿಕಾ ವಿಧಾನದಿಂದ ೫೦ಕ್ಕಿಂತ ಹೆಚ್ಚು ಪ್ರತಿಗಳನ್ನು ತಯಾರಿಸಿದರೆ ಅದರ ಕೃತಿಸ್ವಾಮ್ಯ ಅಳಿಯುತ್ತದೆಂಬ ಅಧಿನಿಯಮದ ೧೫ನೆಯ ಪ್ರಕರಣವನ್ನೂ ನ್ಯಾಯಾಲಯವು ಪರಿಶೀಲಿಸಿತು. ಆದರೆ ಹೆಸರಿನ ವಿಷಯದಲ್ಲಿ ಸಹೋದರರು ಸೋತರು. ಸ್ಕ್ರ್ಯಾಬಲ್ ಎಂಬುದು ಪ್ರಸಿದ್ಧ ಚಿಹ್ನೆ. ಸ್ಕ್ರ್ಯಾಬುಲಸ್ ಎಂಬುದು ಕಿವಿಗೂ ಕಣ್ಣಿಗೂ ಅದನ್ನೇ ಹೋಲುತ್ತದೆ. ಆದುದರಿಂದ ಆ ಹೆಸರನ್ನಾಗಲಿ ಅದರಂತೆ ಭ್ರಮೆ ಹುಟ್ಟಿಸುವ ಇನ್ನಾವ ಹೆಸರನ್ನಾಗಲಿ ಬಳಸಕೂಡದೆಂದು ನ್ಯಾಯಾಲಯ ತಡೆಯಿತು. ಸಹೋದರರು ಆಟವನ್ನು 'ಲೆಕ್ಸ್ಯುಲಸ್' ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಹ್ಯಾಸ್ಬ್ರೋ ಸಂಸ್ಥೆಯು ತನ್ನ ದಾವೆಯನ್ನು ಹಿಂತೆಗೆದುಕೊಂಡಿತು. ಆಟವು ಉಳಿಯಿತು, ಆದರೆ ಜನಪ್ರಿಯತೆಯ ಶಿಖರದಲ್ಲಿದ್ದಾಗ ಗಳಿಸಿದ ಹೆಸರು ಹೋಯಿತು. ಹೆಸರಿನ ಆಯ್ಕೆಯಲ್ಲಿ ತೋರುವ ಕ್ಷಣದ ಜಾಣ್ಮೆ ಎಷ್ಟು ದುಬಾರಿಯಾದೀತೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಇಲ್ಲಿ ವ್ಯಾಪಾರ ಚಿಹ್ನೆಯ ಸ್ವರೂಪವನ್ನು ಗಮನಿಸಬೇಕು. ಕೃತಿಸ್ವಾಮ್ಯವು ಕರ್ತೃವಿನ ಶ್ರಮವನ್ನು ರಕ್ಷಿಸಿದರೆ, ವ್ಯಾಪಾರ ಚಿಹ್ನೆಯು ಕೊಳ್ಳುವವನನ್ನು ಗೊಂದಲದಿಂದ ರಕ್ಷಿಸುತ್ತದೆ. ೧೯೯೯ರ ವ್ಯಾಪಾರ ಚಿಹ್ನೆಗಳ ಅಧಿನಿಯಮದಡಿ ನೋಂದಣಿಯಾಗದ ಹೆಸರಿಗೂ, ಅದು ಜನರಲ್ಲಿ ಖ್ಯಾತಿ ಗಳಿಸಿದ್ದರೆ, ಮತ್ತೊಬ್ಬನು ತನ್ನ ಸರಕನ್ನು ಅದರ ಹೆಸರಿನಲ್ಲಿ ಸಾಗಹಾಕದಂತೆ ರಕ್ಷಣೆಯುಂಟು.

ಟೆಟ್ರಿಸ್ ಮತ್ತು ಹಿಮಮಾನವರ ಊರು

ನಿಯಮಗಳು ಎಲ್ಲರವೆಂಬ ತತ್ವವನ್ನು ನೆಚ್ಚಿಕೊಂಡು ಕೆಟ್ಟವರೂ ಉಂಟು. ೧೯೮೪ರಲ್ಲಿ ಮಾಸ್ಕೋದ ಅಲೆಕ್ಸೀ ಪಜಿತ್ನೋವ್ ರಚಿಸಿದ ಟೆಟ್ರಿಸ್ ಆಟದಲ್ಲಿ ಬೀಳುವ ತುಂಡುಗಳನ್ನು ತಿರುಗಿಸಿ ಸಾಲುಗಳನ್ನು ತುಂಬಬೇಕು. ಕ್ಸಿಯೋ ಎಂಬ ಚಿಕ್ಕ ಸಂಸ್ಥೆಯು ಅದನ್ನು ಅನುಸರಿಸಿ 'ಮಿನೋ' ಎಂಬ ಆಟವನ್ನು ಐಫೋನಿಗಾಗಿ ರಚಿಸಿತು. ಕೃತಿಸ್ವಾಮ್ಯದ ಕಾನೂನನ್ನು ಮೊದಲೇ ವಿಚಾರಿಸಿಕೊಂಡು, ನಿಯಮಗಳಿಗೆ ರಕ್ಷಣೆಯಿಲ್ಲವೆಂಬ ನಂಬಿಕೆಯಿಂದ, ಹೆಸರನ್ನೂ ಬದಲಿಸಿ ಅದು ಮುಂದುವರಿದಿತ್ತು. ಆದರೂ ೨೦೧೨ರ ಮೇ ೩೦ರಂದು ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯವು ಅದರ ವಿರುದ್ಧ ತೀರ್ಪಿತ್ತಿತು. ಹತ್ತು ಮನೆ ಅಗಲ, ಇಪ್ಪತ್ತು ಮನೆ ಎತ್ತರದ ಅಂಗಳ, ತುಂಡುಗಳ ಆಕಾರ ಮತ್ತು ಕಾಂತಿ, ಎಲ್ಲಿ ಬೀಳುವುದೆಂದು ತೋರಿಸುವ ನೆರಳು, ಮುಂದಿನ ತುಂಡಿನ ಮುನ್ನೋಟ ಇವೆಲ್ಲವೂ ಬಹುಮಟ್ಟಿಗೆ ಹಾಗೆಹಾಗೆಯೇ ನಕಲಾಗಿದ್ದವು. ತುಂಡುಗಳನ್ನು ಎಷ್ಟೋ ಬಗೆಯಲ್ಲಿ ಚಿತ್ರಿಸಬಹುದಾಗಿತ್ತು, ಆ ಪ್ರಯತ್ನವನ್ನೇ ಮಾಡಿಲ್ಲ ಎಂಬುದು ನ್ಯಾಯಾಲಯದ ವಾದಸರಣಿಯ ತಿರುಳು. ಕೃತಿಸ್ವಾಮ್ಯದೊಡನೆ, ಸರಕಿನ ಒಟ್ಟು ಹೊರರೂಪಕ್ಕೆ ಇರುವ ವ್ಯಾಪಾರ ಚಿಹ್ನೆಯ ರಕ್ಷಣೆಯೂ ಭಂಗವಾಗಿದೆಯೆಂದು ತೀರ್ಮಾನವಾಯಿತು.

ಚಿತ್ರಗಳನ್ನು ಬದಲಿಸಿದರೆ ಸಾಕೇ ಎಂಬ ಪ್ರಶ್ನೆಗೆ ಅದೇ ವರ್ಷದ ಇನ್ನೊಂದು ಪ್ರಕರಣ ಉತ್ತರ ಕೊಡುತ್ತದೆ. 'ಟ್ರಿಪಲ್ ಟೌನ್' ಆಟದಲ್ಲಿ ಮೂರು ಹುಲ್ಲು ಸೇರಿ ಪೊದೆ, ಮೂರು ಪೊದೆ ಸೇರಿ ಮರ, ಮುಂದೆ ಗುಡಿಸಲು ಆಗುತ್ತದೆ. ಕರಡಿಗಳು ಅಡ್ಡಿ ಮಾಡುತ್ತವೆ. 'ಯೇತಿ ಟೌನ್' ಎಂಬ ಅನುಕರಣದಲ್ಲಿ ಸಸಿ, ಮರ, ಡೇರೆ, ಮರದ ಮನೆ ಎಂಬ ಏರಿಕೆ. ಕರಡಿಯ ಸ್ಥಾನದಲ್ಲಿ ಹಿಮಮಾನವ. ಹೆಸರು ಬೇರೆ, ಪ್ರಾಣಿ ಬೇರೆ. ಆದರೂ ಪಾತ್ರ, ಏರಿಕೆಯ ಕ್ರಮ, ಹಿನ್ನೆಲೆ ಎಲ್ಲದರ ಒಟ್ಟು ಹೋಲಿಕೆಯನ್ನು ಕಂಡು, ದಾವೆಯನ್ನು ಆರಂಭದಲ್ಲಿಯೇ ವಜಾ ಮಾಡಲು ಸಿಯಾಟಲ್‌ನ ಫೆಡರಲ್ ನ್ಯಾಯಾಲಯವು ಒಪ್ಪಲಿಲ್ಲ. ಕೊನೆಗೆ ರಾಜಿಯಾಗಿ, ಯೇತಿ ಟೌನ್ ಆಟವೇ ಮೂಲ ರಚನಕಾರರ ವಶಕ್ಕೆ ಬಂದಿತು.

ನೋಟೀಸೆಂಬ ಅಸ್ತ್ರ

ಒಂಟಿ ರಚನಕಾರನಿಗೆ ನ್ಯಾಯಾಲಯಕ್ಕಿಂತ ಮೊದಲು ಎದುರಾಗುವುದು ಮಳಿಗೆಗೆ ಬರುವ ದೂರು. ಅಮೆರಿಕದ ೧೯೯೮ರ ಡಿಜಿಟಲ್ ಕಾಯಿದೆಯ ಪ್ರಕಾರ ಹಕ್ಕುದಾರನು ದೂರು ಕೊಟ್ಟರೆ ಮಳಿಗೆಯು ಆಟವನ್ನು ತೆಗೆದುಹಾಕುತ್ತದೆ. ರಚನಕಾರನು ಪ್ರತಿನೋಟೀಸು ಕೊಡಬಹುದು. ಆದರೆ ಅದರಲ್ಲಿ ಅಮೆರಿಕದ ನ್ಯಾಯಾಲಯದ ಅಧಿಕಾರಕ್ಕೆ ಒಳಪಡುವುದಾಗಿ ಒಪ್ಪಿಕೊಳ್ಳಬೇಕಾಗುತ್ತದೆ. ಅಲ್ಲಿ ನೋಂದಾಯಿತ ಕೃತಿಯ ಉದ್ದೇಶಪೂರ್ವಕ ಭಂಗಕ್ಕೆ ಶಾಸನಬದ್ಧ ಪರಿಹಾರವು ಒಂದು ಕೃತಿಗೆ ೧,೫೦,೦೦೦ ಡಾಲರುಗಳವರೆಗೆ ಏರಬಹುದು. ಹುಬ್ಬಳ್ಳಿಯಲ್ಲಿಯೋ ಬೆಳಗಾವಿಯಲ್ಲಿಯೋ ಕುಳಿತ ತರುಣನು, ನ್ಯಾಯ ತನ್ನ ಕಡೆಗಿದ್ದರೂ, ಇಂತಹ ಹೊರೆಗೆ ಹೆಗಲು ಕೊಡಲು ಹಿಂಜರಿಯುವುದು ಸ್ವಾಭಾವಿಕ. ೨೦೨೪ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ತನ್ನ 'ವರ್ಡಲ್' ಆಟವನ್ನು ಹೋಲುವ ಹಲವು ಆಟಗಳ ಮೇಲೆ ಇಂತಹ ದೂರುಗಳನ್ನು ಕಳುಹಿಸಿದಾಗ, ಲಾಭದ ಆಸೆಯಿಲ್ಲದೆ ರಚಿಸಿದ ಹವ್ಯಾಸಿಗಳೂ ತಮ್ಮ ಕೃತಿಗಳನ್ನು ಹಿಂತೆಗೆದುಕೊಂಡರು. ಉಚಿತವಾಗಿ ಹಂಚಿದರೆ ಬಾಧೆಯಿಲ್ಲವೆಂಬ ನಂಬಿಕೆ ನಿರಾಧಾರವಾದುದು.

ಆದರೆ ಬೆದರಿಕೆಯೆಲ್ಲವೂ ನ್ಯಾಯವಲ್ಲ. ಆಧಾರವಿಲ್ಲದ ಬೆದರಿಕೆಯ ವಿರುದ್ಧ ಪರಿಹಾರ ಕೇಳಲು ಭಾರತದ ಕೃತಿಸ್ವಾಮ್ಯ ಅಧಿನಿಯಮದ ೬೦ನೆಯ ಪ್ರಕರಣವು ಅವಕಾಶವಿತ್ತಿದೆ. ಆಟ ಆಡುವ ವಿಧಾನಕ್ಕೆ ಪೇಟೆಂಟ್ ಕೊಡಕೂಡದೆಂದು ನಮ್ಮ ಪೇಟೆಂಟ್ ಅಧಿನಿಯಮದ ೩ನೆಯ ಪ್ರಕರಣವು ಹೇಳುತ್ತದೆ. ಆದರೆ ಹೊರದೇಶಗಳಲ್ಲಿ ಇದು ಹೀಗೆಯೇ ಇರುವುದಿಲ್ಲ. ೨೦೨೪ರ ಸೆಪ್ಟೆಂಬರಿನಲ್ಲಿ ನಿಂಟೆಂಡೊ ಮತ್ತು ಪೊಕೆಮಾನ್ ಸಂಸ್ಥೆಗಳು 'ಪಾಲ್‌ವರ್ಲ್ಡ್' ಆಟದ ರಚನಕಾರರ ಮೇಲೆ ಟೋಕಿಯೊದಲ್ಲಿ ಹೂಡಿದ ದಾವೆಯು ಪೇಟೆಂಟನ್ನೇ ಆಧರಿಸಿತ್ತು.

ಪಾಲಿಸಬೇಕಾದ ಕ್ರಮಗಳು

ಮೇಲಿನ ಪ್ರಕರಣಗಳಿಂದ ಕೆಲವು ವ್ಯಾವಹಾರಿಕ ಸೂತ್ರಗಳನ್ನು ಹೊರಡಿಸಬಹುದು.

೧. ಮೂಲ ಆಟದ ನಿಯಮಗಳನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು, ಅನಂತರ ಆ ಆಟವನ್ನು ಮುಂದಿಟ್ಟುಕೊಳ್ಳದೆ ಚಿತ್ರ, ಬಣ್ಣ, ಅಳತೆ, ಧ್ವನಿಗಳನ್ನು ಹೊಸದಾಗಿ ರೂಪಿಸಬೇಕು.

೨. ಪ್ರತಿಯೊಂದು ಹೋಲಿಕೆಗೂ ಇದು ಅನಿವಾರ್ಯವೇ, ಇಲ್ಲವೇ ಅನುಕೂಲಕ್ಕಾಗಿ ಮಾಡಿದುದೇ ಎಂದು ಪ್ರಶ್ನಿಸಿಕೊಳ್ಳಬೇಕು.

೩. ಪ್ರಸಿದ್ಧ ಹೆಸರನ್ನು ತಿರುಚುವುದು, ಪ್ರಾಸ ಕೂಡಿಸುವುದು, ಲಾಂಛನವನ್ನು ಹೋಲಿಸುವುದು ಇವನ್ನು ಬಿಡಬೇಕು. ಹೆಸರಿಡುವ ಮುನ್ನ ವ್ಯಾಪಾರ ಚಿಹ್ನೆಗಳ ನೋಂದಣಿ ಕಚೇರಿಯ ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಿ ನೋಡಬೇಕು.

೪. ಸಂಗೀತ, ಚಿತ್ರ, ಪ್ರೋಗ್ರಾಂಗಳನ್ನು ಸ್ನೇಹಿತರಿಂದ ಮಾಡಿಸಿಕೊಂಡರೂ ಹಕ್ಕಿನ ವರ್ಗಾವಣೆಯನ್ನು ಸಹಿ ಮಾಡಿದ ಬರೆಹದಲ್ಲಿ ಪಡೆಯಬೇಕು. ಅವಧಿಯನ್ನು ಬರೆಯದಿದ್ದರೆ ಅದು ೫ ವರ್ಷಗಳಿಗೆ ಮಾತ್ರ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಅಧಿನಿಯಮವು ಭಾವಿಸುತ್ತದೆ.

೫. ಕರಡು ಚಿತ್ರಗಳು ಮತ್ತು ಹಂತಹಂತದ ಪ್ರತಿಗಳನ್ನು ದಿನಾಂಕ ಸಹಿತ ಕಾದಿರಿಸಬೇಕು. ಸ್ವತಂತ್ರ ರಚನೆಗೆ ಅವೇ ಸಾಕ್ಷಿ.

೬. ನೋಟೀಸು ಬಂದಾಗ ಮೌನವೂ ಸಲ್ಲದು, ದುಡುಕಿನ ಉತ್ತರವೂ ಸಲ್ಲದು. ವಿಷಯ ಬಲ್ಲ ವಕೀಲರ ಸಲಹೆ ಪಡೆಯಬೇಕು.

ಕಾನೂನು ಮುಟ್ಟದ ಅನ್ಯಾಯವೂ ಒಂದುಂಟು. ೨೦೧೪ರಲ್ಲಿ ಪ್ರಕಟವಾದ 'ಥ್ರೀಸ್' ಎಂಬ ಅಂಕಿಗಳ ಆಟಕ್ಕಾಗಿ ಅದರ ರಚನಕಾರರು ವರ್ಷಕ್ಕೂ ಮಿಕ್ಕಿ ಶ್ರಮಿಸಿದ್ದರು. ಕೆಲವೇ ವಾರಗಳಲ್ಲಿ ಅದರ ಅನುಕರಣಗಳು ಹೊರಬಂದವು. ಅವುಗಳ ಸಾಲಿನಲ್ಲಿ ಇಟಲಿಯ ತರುಣನೊಬ್ಬನು ಬಿಡುವಿನ ದಿನಗಳಲ್ಲಿ ರಚಿಸಿ ಉಚಿತವಾಗಿ ಹಂಚಿದ '೨೦೪೮' ಎಂಬ ಆಟವು ಮೂಲವನ್ನೇ ಮರೆಸುವಷ್ಟು ಹರಡಿತು. ಥ್ರೀಸ್ ಆಟವೇ ಅದರ ನಕಲೆಂದು ತಿಳಿದವರೂ ಇದ್ದರು. ಯಾವ ನ್ಯಾಯಾಲಯವೂ ಇಲ್ಲಿ ಪ್ರವೇಶಿಸಲಿಲ್ಲ. ತಮ್ಮ ಆಟವು ರೂಪುಗೊಂಡ ಬಗೆಯನ್ನು ತಿಳಿಸುವ ಪತ್ರವ್ಯವಹಾರವನ್ನು ಪ್ರಕಟಿಸುವುದಷ್ಟೇ ಮೂಲ ರಚನಕಾರರಿಗೆ ಉಳಿದ ದಾರಿಯಾಗಿತ್ತು.

ಅನುಕರಣೆಯನ್ನು ಪೂರ್ಣವಾಗಿ ನಿಷೇಧಿಸಿದರೆ ಕಲೆ ಬೆಳೆಯದು. ಪೂರ್ಣವಾಗಿ ಬಿಟ್ಟುಕೊಟ್ಟರೆ ಕಲಾವಿದನು ಬದುಕಲಾರನು. ಕಾನೂನು ಇವೆರಡರ ನಡುವೆ ಬೇಲಿ ಹಾಕಿದೆ. ಆದರೆ ಬೇಲಿಯೊಳಗೆ ಸೌಜನ್ಯದಿಂದ ನಡೆಯುವುದನ್ನು ಕಲಿಸುವ ಹೊಣೆ ಶಿಕ್ಷಣದ್ದು. ಬೇರೊಬ್ಬರ ಲೆಕ್ಕವನ್ನು ನೋಡಿ ಬರೆಯಕೂಡದೆಂದು ತರಗತಿಯಲ್ಲಿ ಹೇಳುವ ಅಧ್ಯಾಪಕರು, ಬೇರೊಬ್ಬರಿಂದ ಕಲಿತುದನ್ನು ಹೆಸರಿಸಿ ಸ್ಮರಿಸಬೇಕೆಂಬುದನ್ನೂ ಗಣಕಯಂತ್ರದ ಮುಂದೆ ಕುಳಿತ ವಿದ್ಯಾರ್ಥಿಗೆ ಮನಗಾಣಿಸಿದರೆ, ಅವನ ಕೈಯಿಂದ ನಾಳೆ ಇತರರು ಅನುಕರಿಸಲು ಬಯಸುವಂತಹ ಆಟವೇ ಹೊರಬಂದೀತು. ಹಾಸುಗಲ್ಲಿನ ಮೇಲೆ ಉಳಿದಿರುವ ನಮ್ಮ ನಾಡಿನ ಆಟಗಳು ಯಾರ ಅಪ್ಪಣೆಯೂ ಬೇಡದ ಭಂಡಾರವಾಗಿ ಅವನಿಗಾಗಿ ಕಾದಿವೆ.